ಮುಂದಿನ ಸಾಲಿನ ಅತಿಥಿ

"ಪೊರಕೆ ಇನ್ನೂ ಸ್ವಲ್ಪ ಮೇಲೆ ಹಿಡೀಮ್ಮಾ. ಮುಖದ ಹತ್ರ. ಎರಡೂ ಒಟ್ಟಿಗೆ ಬರ್ಬೇಕು," ಎಂದ ಫೋಟೋದವನು.

"ಮುಖಕ್ಕೆ ಪೊರಕೆ ಅಂದ್ರೆ ನಮ್ಮ ಬೀದೀಲಿ ಅರ್ಥ ಬೇರೆ ಕಣಪ್ಪಾ," ಎಂದಳು ಅಮ್ಮ.

ಅವನು ನಕ್ಕ. ಸಭಾಂಗಣದ ಮ್ಯಾನೇಜರೂ ನಕ್ಕರು. ಅಮ್ಮ ಪೊರಕೆ ಎತ್ತಿ ಹಿಡಿದಳು. ನಾನು ಪಕ್ಕದಲ್ಲಿ ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡು ನಿಂತೆ. ನುಡಿಸುವುದೇನೂ ಬೇಡ, ಕಮಾನು ತಂತಿಯ ಮೇಲಿದ್ದರೆ ಸಾಕು ಎಂದಿದ್ದರು.

ಮರುವಾರ ಆ ಫೋಟೋ ಸಭಾಂಗಣದ ಮುಂಗೋಡೆಯ ತುಂಬ ನಿಂತಿತು. ಕೆಳಗೆ 'ಸಂಗೀತ ಎಲ್ಲರದು' ಎಂಬ ಬರಹ. ಅಮ್ಮ ಅದರ ಕೆಳಗೆ ಹಾದು, ಎಂದಿನಂತೆ ಸುತ್ತುಬಳಸಿ ಹಿಂಬಾಗಿಲಿಂದ ಒಳಗೆ ಹೋಗುತ್ತಿದ್ದಳು.

ಅದಕ್ಕೂ ಮೊದಲು ನಮ್ಮ ನಗರದ ವಾದ್ಯವೃಂದದಲ್ಲಿ ಅಪ್ಪ ನುಡಿಸಿದ ಕುರ್ಚಿಯಲ್ಲಿ ಮಗ, ಮಾವ ನುಡಿಸಿದ ಕುರ್ಚಿಯಲ್ಲಿ ಅಳಿಯ ಕೂರುತ್ತಿದ್ದರು. ಇದನ್ನು ಯಾರೋ ಪತ್ರಿಕೆಯಲ್ಲಿ ಬರೆದರು, ಸರ್ಕಾರದವರು ಅನುದಾನ ನಿಲ್ಲಿಸುತ್ತೇವೆ ಎಂದರು. ಆಮೇಲೆ ಆಯ್ಕೆಗೆ ಪರದೆ ಬಂತು. ನುಡಿಸುವವರು ಪರದೆಯ ಹಿಂದೆ, ತೀರ್ಪು ಕೊಡುವವರು ಮುಂದೆ. ನಡಿಗೆಯ ಸದ್ದಿನಿಂದ ಹೆಣ್ಣೋ ಗಂಡೋ ತಿಳಿದೀತೆಂದು ಚಪ್ಪಲಿಯನ್ನೂ ಬಿಚ್ಚಿಸಿದರು. ನಾನು ಬರಿಗಾಲಲ್ಲಿ ಕೂತು ನುಡಿಸಿದೆ. ಶಾಲೆಯಲ್ಲಿ ಬಿಟ್ಟಿಯಾಗಿ ಕಲಿತದ್ದು. ಪಕ್ಕದ ಮನೆಯವರು ಗೋಡೆ ಗುದ್ದುತ್ತಾರೆಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಿದ್ದಿದ್ದು. "ಇವರೇ," ಎಂದು ಮುಂದಿನಿಂದ ದನಿ ಬಂತು. ಪರದೆ ಸರಿಸಿದರು.

"ಅರೆ, ಇದು ನಮ್ಮ ಕಕ್ಕಸಿನವಳ ಮಗಳಲ್ವೇನ್ರೀ?" ಎಂದ ಒಬ್ಬ.

ನನ್ನನ್ನು ಕೊನೆಯ ಸಾಲಿಗೆ ಹಾಕಿದರು. ಇಬ್ಬರಿಗೆ ಒಂದೇ ಸ್ವರಲಿಪಿ ಪುಸ್ತಕ, ಪುಟ ತಿರುವುವುದು ನನ್ನ ಕೆಲಸ. ನಾನು ತಿರುವಿದ ಮೂಲೆಯನ್ನು ಜೊತೆಯಲ್ಲಿ ಕೂರುವಾಕೆ ಕರ್ಚೀಫಿನಿಂದ ಒರೆಸುತ್ತಿದ್ದಳು.

"ಬೇಜಾರು ಮಾಡ್ಕೋಬೇಡ. ನಂಗೆ ಧೂಳು ಅಂದ್ರೆ ಅಲರ್ಜಿ," ಎಂದಳು ಒಮ್ಮೆ.

"ಪರವಾಗಿಲ್ಲ ಮೇಡಂ," ಎಂದೆ. ನಿಜವಾಗಿಯೂ ಏನೂ ಅನ್ನಿಸಿರಲಿಲ್ಲ. ಚಳಿಯಲ್ಲಿ ಬೆರಳು ಮರಗಟ್ಟಿದ ಮೇಲೆ ತಂತಿ ಒತ್ತಿದರೆ ಹೇಗೋ, ಹಾಗೆ.

ದೊಡ್ಡ ಕಾರ್ಯಕ್ರಮದ ಸಂಜೆ ಅಮ್ಮನಿಗೆ ಆಮಂತ್ರಣವಿತ್ತು. ಹಸಿರು ಬಣ್ಣದ ಹೊಸ ಬಟ್ಟೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಮೊದಲ ಸಲ ಮುಂಬಾಗಿಲಿಗೆ ಬಂದಳು. ಮ್ಯಾನೇಜರ್ ಓಡಿ ಬಂದರು.

"ಅಯ್ಯೋ, ಇದೇನಮ್ಮಾ ಹೀಗೆ ಬಂದ್ಬಿಟ್ರಿ? ಯೂನಿಫಾರ್ಮ್ ಎಲ್ಲಿ? ಜನಕ್ಕೆ ಗೊತ್ತಾಗೋದು ಹೇಗೆ?"

ಅಮ್ಮ ಒಳಗೆ ಹೋಗಿ ನೀಲಿ ಯೂನಿಫಾರ್ಮ್ ಹಾಕಿಕೊಂಡು ಬಂದಳು. ಹಸಿರು ಬಟ್ಟೆ ಫಿನಾಯಿಲ್ ಡಬ್ಬಗಳ ಮೇಲೆ ಉಳಿಯಿತು.

ವೇದಿಕೆಗೆ ಕರೆದರು. "ನಮ್ಮ ಇಂದಿನ ವಿಶೇಷ ಅತಿಥಿ" ಎಂದು ಮೈಕಿನಲ್ಲಿ ಹೇಳಿ ಹೂಗುಚ್ಛ ಕೊಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಅಮ್ಮನನ್ನು ಮುಂದಿನ ಸಾಲಿನಲ್ಲಿ, ಕಕ್ಕಸಿನ ಕಡೆಗೆ ಹೋಗುವ ಪಕ್ಕದ ಬಾಗಿಲಿನ ಹತ್ತಿರ ಕೂರಿಸಿದರು. ಕ್ಯಾಮೆರಾ ಇದ್ದದ್ದರಿಂದ ಅವತ್ತು ನನಗೂ ಮುಂದಿನ ಕುರ್ಚಿ.

ವಿರಾಮದಲ್ಲಿ ಕೆಳಗಿಳಿದು ಅಮ್ಮನ ಹತ್ತಿರ ಹೋದೆ.

"ಚೆನ್ನಾಗಿತ್ತಾ?"

"ಆ ದಪ್ಪ ಡೋಲಿನೋನು ಅಷ್ಟು ಹೊತ್ತು ಸುಮ್ನೆ ಕೂತಿದ್ನಲ್ಲೇ. ಅವನಿಗೂ ಪೂರ್ತಿ ಸಂಬಳಾನಾ?" ಎಂದಳು. ನಗು ಬಂತು.

ಅಷ್ಟರಲ್ಲಿ ಮೇಸ್ತ್ರಿ ಬಂದ. ಶೌಚಾಲಯದ ಕೆಲಸದವರ ಮೇಲೆ ಇವನೇ ಯಜಮಾನ.

"ಏಯ್, ಏಳೇ ಮೇಲೆ. ಹೆಂಗಸರ ಕಕ್ಕಸು ಕಟ್ಕೊಂಡಿದೆ. ನೀರು ಹೊರಗೆ ಬರ್ತಿದೆ."

"ಬದಲಿಯೋಳನ್ನ ಕರಿ."

"ಬದಲಿ ಹಾಕಿಲ್ಲ. ಹೆಂಗೂ ನೀನು ಬಂದಿರ್ತೀಯಲ್ಲ ಅಂತ."

"ನಾನಿವತ್ತು ಅತಿಥಿ. ಮೈಕಲ್ಲಿ ಹೇಳಿದ್ರು, ಕೇಳಿಸ್ಲಿಲ್ವಾ?"

"ಹೂವು ಕೊಟ್ಟಿದ್ದಕ್ಕೆ ತಲೆ ತಿರುಗ್ತಾ ಮುಂಡೇದೇ? ಏಳೇ ಅಂದ್ರೆ!" ಎಂದು ಅವನು ಅಮ್ಮನ ರಟ್ಟೆಗೆ ಕೈ ಹಾಕಿದ.

"ಕೈ ತೆಗಿಯೋ ಬೇವರ್ಸಿ," ಎಂದಳು ಅಮ್ಮ, ದನಿ ಏರಿಸದೆ. ಅವನು ತೆಗೆದ.

ಸುತ್ತ ಕೂತವರು ಕಾರ್ಯಕ್ರಮದ ಹಾಳೆ ಓದತೊಡಗಿದರು. ಮ್ಯಾನೇಜರ್ ಬಂದು ಮೊಣಕಾಲೂರಿ ಅಮ್ಮನ ಮುಂದೆ ಕೂತರು.

"ಅಮ್ಮಾ, ನೀವು ನಮ್ಮ ಕುಟುಂಬದೋರು. ಮನೆ ಅಂದ ಮೇಲೆ ಒಬ್ಬರಿಗೊಬ್ಬರು ಆಗ್ಬೇಕಲ್ವಾ?"

"ಹೌದಲ್ವಾ ಸಾರ್? ಹಾಗಾದ್ರೆ ನೀವೂ ಹೋಗ್ಬಹುದು. ಉದ್ದನೇ ಕೋಲು ಬಾಗಿಲ ಹಿಂದೆ ಇದೆ."

ಅವರ ಮುಖದ ನಗು ಹಾಗೇ ಇತ್ತು. ಎದ್ದು ನಿಂತು ನನ್ನ ಕಡೆ ತಿರುಗಿದರು.

"ನೋಡಮ್ಮಾ, ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ನೀನೇ ಒಂದು ಮಾತು ಹೇಳು ಇವರಿಗೆ."

ಅಮ್ಮ ನನ್ನನ್ನು ನೋಡಿದಳು. ಫಿನಾಯಿಲಿಗೆ ಬಿಳಿಚಿದ ಬೆರಳುಗಳು ಹೂಗುಚ್ಛದ ಸುತ್ತ ಬಿಗಿಯಾಗಿದ್ದವು.

"ನೀನು ಹೇಳಿದ್ರೆ ಎದ್ದು ಹೋಗ್ತೀನಿ ಮಗಾ," ಎಂದಳು.

ಏನಾದರೂ ಅನ್ನಿಸಲಿ ಎಂದು ಕಾದೆ. ಸಿಟ್ಟು, ಭಯ, ಯಾವುದಾದರೂ. ಯಾವುದೂ ಬರಲಿಲ್ಲ. ವಿರಾಮ ಮುಗಿದ ಗಂಟೆ ಹೊಡೆಯಿತು.

"ಕೂತ್ಕೋಮ್ಮ," ಎಂದು ವೇದಿಕೆ ಹತ್ತಿದೆ.

ದೀಪಗಳು ಮಂಕಾದವು. ವೃಂದವನ್ನು ನಡೆಸುವ ನಿರ್ದೇಶಕರು ಕೈಯ ಕಡ್ಡಿ ಎತ್ತಿದರು. ಮೊದಲು ಕೊಳಲುಗಳು, ಆಮೇಲೆ ನಾವು. ನಿಧಾನದ ಭಾಗ ಶುರುವಾಗುವ ಹೊತ್ತಿಗೆ ಪಕ್ಕದ ಬಾಗಿಲ ಕೆಳಗೆ ಏನೋ ಹೊಳೆಯಿತು. ನೆಲ ವೇದಿಕೆಯ ಕಡೆಗೆ ಇಳಿಜಾರು. ಅದು ಹಾಸುಗಂಬಳಿಯ ಬಣ್ಣವನ್ನು ಕಪ್ಪಾಗಿಸುತ್ತ, ಅವಸರವಿಲ್ಲದೆ, ಮುಂದಿನ ಸಾಲಿಗೆ ಬಂತು. ವಾಸನೆ ಮೊದಲು ಬಂದಿತ್ತು. ನಿರ್ದೇಶಕರ ಮೂಗು ಅರಳಿತು, ಕೈ ನಿಲ್ಲಲಿಲ್ಲ. ಕ್ಯಾಮೆರಾ ನಡೆಯುತ್ತಿತ್ತು. ಯಾರೂ ಎದ್ದು ಹೋಗಲಾರರು.

ರೇಷ್ಮೆಯ ಅಂಚುಗಳು ಮೇಲೇರಿದವು. ಪಾಲಿಶ್ ಮಾಡಿದ ಶೂಗಳು ಒಂದೊಂದಾಗಿ ನೆಲ ಬಿಟ್ಟವು. ನಾನು ಪುಟ ತಿರುವಿದೆ.

ಅಮ್ಮ ಕಾಲೆತ್ತಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದಳು. ನೀರು ಅವಳ ಹಿಮ್ಮಡಿಗಳನ್ನು ಸುತ್ತಿಕೊಂಡು ಮುಂದಕ್ಕೆ ಹರಿಯುತ್ತಿತ್ತು.