ಖಾಲಿ ಬಿಟ್ಟ ಬಿಳುಪು

"ಮಗಿ ಇರೋ ಜಾಗ ಬಂತೇನ್ರೀ?" ಹೆಗಲ ಮೇಲಿಂದ ಬಗ್ಗಿ ಕೇಳಿದರು ಹೆಂಡತಿ ಸರ್ವಮಂಗಳ.

"ಬತ್ತಾ ಐತೆ. ಒಸಿ ಸುಮ್ಕಿರು."

ರೇವಣಸಿದ್ದಯ್ಯ ಮೇಷ್ಟ್ರು ಬ್ರಷ್ ಹಿಡಿದು ಹಾಳೆಯ ಮೇಲೆ ಬಗ್ಗಿದ್ದರು. ಮೂವತ್ತು ವರ್ಷ ರಾಮನಗರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ ಕೈ ಈಗ ನಡುಗುತ್ತಿತ್ತು. ಏಳು ಹಾಳೆ ಕೆಟ್ಟು ಇದು ಎಂಟನೆಯದು. ಎದುರಿಗೆ ಹೊಲದ ಮೂಲೆಯಲ್ಲಿ, ಬೇವಿನ ಮರದ ಬುಡದಲ್ಲಿ ಸುಣ್ಣ ಬಳಿದ ಪುಟ್ಟ ಸಮಾಧಿ. ಕಾಮಾಲೆಯಾಗಿ ಹನ್ನೊಂದನೇ ವರ್ಷಕ್ಕೇ ಹೋದ ಮಗಳು ಮಧುವನ್ನು ಅಲ್ಲೇ ಕೂರಿಸಿದ್ದರು. ನಾಳೆ ಬೆಳಿಗ್ಗೆ ಹೊಲದ ಜೊತೆಗೆ ಆ ಮೂಲೆಯೂ ಕಾರ್ಖಾನೆಗೆ. ಮಣ್ಣಲ್ಲಿ ಕೂರಿಸಿದವರನ್ನು ಎಬ್ಬಿಸಬಾರದು ಅಂದುಬಿಟ್ಟರು ಮಠದ ಅಯ್ಯನವರು. ಸರಿ, ಆ ಮಾತನ್ನು ಜೆಸಿಬಿಗೆ ಯಾರು ಹೇಳಬೇಕು?

ಸ್ಟುಡಿಯೋದ ನಿಯಾಜ್ ಫೋಟೊ ತೆಗೆದುಕೊಟ್ಟಿದ್ದ. ಅದರಲ್ಲಿ ಸಮಾಧಿಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಕಾರ್ಖಾನೆಯವರು ನೆಟ್ಟ, ಕೆಂಪು ಬಳಿದ ಸರ್ವೆ ಕಲ್ಲು. "ಈ ಹಾಳು ಕಲ್ಲ ಇಟ್ಕಂಡು ದೀಪ ಹಚ್ಚಾನೇನ್ರೀ? ನೀವೇ ಬರ್ಕೊಡಿ" ಎಂದಿದ್ದರು ಸರ್ವಮಂಗಳ.

ನೀರಿನ ಬಣ್ಣದಲ್ಲಿ ಬಿಳಿ ಹಚ್ಚುವುದಲ್ಲ, ಬಿಡುವುದು. ಮೊದಲು ತೆಳು ಆಕಾಶ, ಆಮೇಲೆ ಬೇವು, ಕೊನೆಗೆ ಹುರುಳಿಯ ಹಸಿರು. ನಡುವೆ ಅಂಗೈಯಷ್ಟು ಹಾಳೆ ಒಣಗಿಯೇ ಉಳಿಯಬೇಕು. ಅದೇ ಸಮಾಧಿಯ ಸುಣ್ಣ, ಅದೇ ಬಿಸಿಲು. ಒಂದು ಹನಿ ನುಗ್ಗಿದರೂ ಮುಗಿಯಿತು, ಯಾವ ಅಪ್ಪ ಬಂದರೂ ಆ ಬಿಳುಪು ಮತ್ತೆ ಹುಟ್ಟುವುದಿಲ್ಲ. ಇದನ್ನು ಮೇಷ್ಟ್ರು ಸಾವಿರ ಮಕ್ಕಳಿಗೆ ಹೇಳಿದ್ದರು. ಏಳು ಸಲ ಬ್ರಷ್ ನಡುಗಿ ಹಸಿರು ಒಳಗೆ ನುಗ್ಗಿತ್ತು. ಎಂಟನೆಯ ಸಲ ಎಡಗೈಯಿಂದ ಬಲ ಮಣಿಕಟ್ಟು ಹಿಡಿದು, ಮಗಳ ಸುತ್ತ ಹುರುಳಿ ಬರೆದರು. ಬಿಳುಪು ಉಳಿಯಿತು. ಅಲ್ಲೇ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಮರುದಿನ, ಸೋಮವಾರ ಬೆಳಿಗ್ಗೆ ಒಬ್ಬರೇ ಹೊಲಕ್ಕೆ ಹೋದರು. ಕೆಂಗಲ್ ಕಡೆಯಿಂದ ಬಂದ ಜೆಸಿಬಿ ಬೇವನ್ನು ಕೆಡವಿತು. ಸಮಾಧಿಗೆ ಒಂದೇ ಏಟು. ಡ್ರೈವರು ಪಾಪ, ಚಪ್ಪಲಿ ಬಿಟ್ಟು ಕೈಮುಗಿದೇ ಹತ್ತಿದ್ದ. ಬೈಯೋಣವೆಂದರೆ ಬೈಯಲಿಕ್ಕೂ ಯಾರೂ ಸಿಗಲಿಲ್ಲ.

ಮನೆಗೆ ಬಂದಾಗ ಊದುಬತ್ತಿಯ ಹೊಗೆ. ದೇವರ ಜಗಲಿಯ ಮೇಲೆ, ಪಟಗಳ ಸಾಲಿನಲ್ಲಿ ಅವರ ಚಿತ್ರ. ನಟ್ಟನಡುವೆ, ಆ ಬಿಳುಪಿನ ಮೇಲೆ, ನೀರಲ್ಲಿ ಅದ್ದಿದ ವಿಭೂತಿಯ ಮೂರು ಪಟ್ಟೆ. ಹಸಿ ಬೆರಳು ಅಂಚು ದಾಟಿತ್ತು. ಹುರುಳಿಯ ಹಸಿರೆಲ್ಲ ಕದಡಿ ಒಳಗೆ ಹರಿದು ಬೂದಿಯ ಜೊತೆ ಕಲಸಿಹೋಗಿತ್ತು.

ಮೇಷ್ಟ್ರಿಗೆ ಕೂಗಬೇಕೆನ್ನಿಸಿತು.

"ಸ್ವಾಮಾರ ಅಲ್ವಾ, ಪೂಜೆ ಮಾಡ್ದೆ," ಸರ್ವಮಂಗಳ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಮರ, ಹೊಲ ಎಲ್ಲಾ ಬರ್ದು ಮಗಿ ಜಾಗ ಮಾತ್ರ ಖಾಲಿ ಬುಟ್ಟಿದ್ರಲ್ಲ. ನಿಮ್ಗೆ ಅದ ಬರಿಯಕ್ಕೆ ಮನಸ್ಸು ಬಂದಿಲ್ಲ, ಸಂಕಟ ಆಗೈತೆ ಅನ್ನಿಸ್ತು. ಅದ್ಕೇ ನಾನೇ ತುಂಬ್ದೆ. ಬಣ್ಣ ಒಸಿ ಹರೀತು ಕಣ್ರೀ. ತಪ್ಪಾಯ್ತಾ?"

ದೀಪದ ಬುಡದಲ್ಲೇ ಕತ್ತಲೆ. ಊರ ಮಕ್ಕಳಿಗೆಲ್ಲ ಹೇಳಿದ ಪಾಠವನ್ನು ಮೇಷ್ಟ್ರು ಈ ಒಬ್ಬಳಿಗೆ ಹೇಳಿರಲಿಲ್ಲ.

"ಇಲ್ಲ. ಒಳ್ಳೇದ್ ಮಾಡ್ದೆ," ಎಂದರು.

"ಅಲ್ಲಿ... ಹೆಂಗೈತ್ರೀ ಈಗ?"

"ಹಂಗೇ ಐತೆ."

ಸರ್ವಮಂಗಳ ಕಾಫಿಗಿಡಲು ಒಳಗೆ ಹೋದರು. ವಿಭೂತಿಯ ಕೆಳಗೊಂದು ಹಸಿರು ಹನಿ ಇನ್ನೂ ಆರಿರಲಿಲ್ಲ. ಉಳಿದಿದ್ದ ಬೆರಳಗಲದ ಬಿಳುಪಿನ ಕಡೆಗೆ ಮೆಲ್ಲಗೆ ಇಳಿಯುತ್ತಿತ್ತು. ತಡೆಯೋಣವೆಂದು ಮೇಷ್ಟ್ರು ಬೆರಳು ಚಾಚಿದರು. ಬೆರಳು ನಡುಗುತ್ತಲೇ ಇತ್ತು.