ಎಡ ದವಡೆಯ ಎರಡು ಚಿತ್ರಗಳು

ಹಲ್ಲಿನ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ಇನ್ನೊಂದ್ಸಲ ಅಕ್ಕ’. ಹನ್ನೆರಡು ವರ್ಷದಿಂದ ಎಕ್ಸ್‌ರೇ ತೆಗೆಯುವ ಕೆಲಸ. ಹಲ್ಲು ಹಲ್ಲಿನ ನಡುವಿನ ಸಂದಿ ಬರಿಗಣ್ಣಿಗೆ ಕಾಣುವ ಜಾಗವಲ್ಲ; ಹುಳುಕು ಕಳ್ಳನ ಹಾಗೆ ಬಂದು ಸೇರಿಕೊಳ್ಳುವುದೂ ಅಲ್ಲೇ. ಅದಕ್ಕೇ ರೋಗಿ ಚಿತ್ರ ಮೂಡುವ ಪುಟ್ಟದೊಂದು ಪಟ್ಟಿಯನ್ನು ಕಚ್ಚಿ ಹಿಡಿಯಬೇಕು, ಯಂತ್ರದ ಮೂತಿ ನೆಟ್ಟಗೆ ಸಂದಿಗೇ ಗುರಿಯಿಡಬೇಕು. ಕೊಂಚ ಓರೆಯಾಯಿತೋ, ಚಿತ್ರದಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂರುತ್ತದೆ, ಸಂದಿ ಬೆಳ್ಳಗೆ ಮುಚ್ಚಿಹೋಗುತ್ತದೆ. ಹಾಗಾದಾಗ ಅವಳು ಯಾರ ಮುಲಾಜೂ ನೋಡುತ್ತಿರಲಿಲ್ಲ. ಓಕರಿಸುವ ಮುದುಕರಿರಲಿ, ಚೀರಾಡುವ ಮಕ್ಕಳಿರಲಿ, “ಇನ್ನೊಂದ್ಸಲ” ಎಂದು ಮತ್ತೆ ಬಾಯಿ ತೆರೆಸುತ್ತಿದ್ದಳು.

“ನಿನ್ನ ಕೈಗೆ ಸಿಕ್ಕಿದ್ರೆ ಯಮನೂ ಎರಡು ಸಲ ಬಾಯಿ ತೆರೀಬೇಕು ಕಣೇ” ಎಂದು ಬಾಗಿಲ ಬಳಿಯ ಮೇಜಿನಲ್ಲಿ ಚೀಟಿ ಬರೆಯುವವಳು ನಗಾಡುತ್ತಿದ್ದಳು.

ಅಂಥವಳು ಒಂದೇ ಒಂದು ಸಲ ಸೋತಿದ್ದಳು. ಎರಡು ವರ್ಷದ ಹಿಂದೆ, ಹೆತ್ತ ಮಗಳ ಮುಂದೆ.

ಆಗ ಮಗಳಿಗೆ ಒಂಬತ್ತು. ಪಟ್ಟಿಯ ಅಂಚು ನಾಲಿಗೆಯ ಕೆಳಗೆ ಚುಚ್ಚಿ, “ಬೇಡಮ್ಮಾ, ನೋಯತ್ತೆ” ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಬಲಗಡೆಯ ಚಿತ್ರ ಚೆನ್ನಾಗಿಯೇ ಬಂತು. ಎಡಗಡೆ ಮಾತ್ರ ಕೊನೆಯ ಹಾಲುಹಲ್ಲೂ ಅದರ ಹಿಂದೆ ಬಂದಿದ್ದ ಶಾಶ್ವತ ದವಡೆಹಲ್ಲೂ ಒಂದರ ಮೇಲೊಂದು ಕೂತಿದ್ದವು. ನಾಲಿಗೆ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು.

“ಎಡಗಡೆ ಮುಚ್ಚಿದೆಯಲ್ರೀ, ಇನ್ನೊಂದು ತೆಗೀತೀರಾ?” ಎಂದು ಡಾಕ್ಟರಮ್ಮ ಕೇಳಿಯೂ ಕೇಳಿದ್ದರು.

“ಸಾಕು ಬಿಡಿ ಮೇಡಂ, ಪಾಪ ಸುಸ್ತಾಗಿದೆ ಮಗು. ಮುಂದಿನ ಸಲ ನೋಡ್ಕೊಂಡ್ರಾಯ್ತು.”

ಆ ಮುಂದಿನ ಸಲ ಬರಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಬಾಯಿಗೆ ಬಗ್ಗಿ ನೋಡಿದವಳಿಗೆ ಮನೆಯಲ್ಲಿ ಮಗಳು ಒಂದೇ ಕಡೆ ಅಗಿಯುವುದು ಕಾಣಲಿಲ್ಲ. ಕಂಡ ದಿನವೂ, “ಅದೇನು ಹಸು ಮೆಲುಕು ಹಾಕಿದ ಹಾಗೆ ತಿಂತೀಯೇ” ಎಂದು ಗದರಿದ್ದಳು, ಅಷ್ಟೇ.

ಇವತ್ತು ಮಗಳ ಎಡಗೆನ್ನೆ ಊದಿಕೊಂಡಿತ್ತು.

“ಯಾವಾಗಿಂದ ನೋವು? ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಮತ್ತೆ ಎಕ್ಸ್‌ರೇ ತೆಗೀತೀಯಲ್ಲ, ಅದಕ್ಕೇ.”

ಅವಳು ಕಿರಣ ತಡೆಯುವ ಸೀಸದ ಹೊದಿಕೆಯನ್ನು ಮಗಳ ಎದೆಗೆ ಹೊದಿಸಿದಳು. ಹಾಲುಹಲ್ಲು ಹೇಗೂ ಬೀಳುವಂಥದ್ದು, ಹೋದರೆ ಹೋಗಲಿ. ಅದರ ಹಿಂದಿರುವುದು ಜೀವಮಾನಕ್ಕೆ ಒಂದೇ ಸಲ ಬರುವ ಹಲ್ಲು. ಅದೊಂದು ಉಳಿದುಕೊಳ್ಳಲಿ ಎಂದು ಕಾಣದ ದೇವರಿಗೆಲ್ಲ ಮೊರೆಯಿಟ್ಟು ಯಂತ್ರದ ಮೂತಿಯನ್ನು ತಿರುಗಿಸಿದಳು. ಮಗಳು ಈ ಸಲ ಅಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಪಟ್ಟಿ ಕಚ್ಚಿದಳು. ಗೋಡೆಯ ಆಚೆ ಹೋಗಿ ಅವಳು ಗುಂಡಿ ಒತ್ತಿದಳು.

ಹನ್ನೆರಡು ವರ್ಷದಲ್ಲಿ ಅಷ್ಟು ಚೊಕ್ಕವಾದ ಚಿತ್ರ ಅವಳ ಕೈಯಿಂದ ಬಂದಿರಲಿಲ್ಲ. ಸಂದಿ ಗೆರೆ ಎಳೆದ ಹಾಗೆ ತೆರೆದಿತ್ತು. ಆ ಗೆರೆಯಿಂದ ಶುರುವಾದ ಕಪ್ಪು ದವಡೆಹಲ್ಲಿನ ಒಡಲನ್ನೆಲ್ಲ ತಿಂದು, ಬೇರು ಕವಲೊಡೆಯುವ ಜಾಗದವರೆಗೂ ಇಳಿದಿತ್ತು.

ಡಾಕ್ಟರಮ್ಮ ಹಳೆಯ ಚಿತ್ರವನ್ನು ತೆರೆದು ಪಕ್ಕದಲ್ಲಿಟ್ಟರು. ಮುಚ್ಚಿಹೋದ ಬಿಳುಪಿನ ಅಂಚಿನಲ್ಲಿ ಉಗುರು ಗೀರಿದಷ್ಟು ಕಪ್ಪು. ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು.

“ಉಳಿಸೋಕಾಗಲ್ಲ,” ಎಂದರು ಮೆಲ್ಲಗೆ. “ಕೀಳಲೇಬೇಕು.”

“ಆವತ್ತು ಸರಿಯಾಗಿ ತೆಗ್ದಿದ್ರೆ?”

“ಅದೆಲ್ಲ ಈಗ ಯಾಕ್ರೀ?”

“ಹೇಳಿ ಮೇಡಂ.”

“ಸಣ್ಣದೊಂದು ಫಿಲ್ಲಿಂಗ್. ಅರ್ಧ ಗಂಟೆ ಕೆಲಸ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೀವೊಬ್ಬರೇ ಅಲ್ಲ. ಸಾಕು ಅಂದ್ರಿ, ನಾನೂ ಸುಮ್ಮನಾದೆ.”

ಆ ಮಾತು ಅವಳನ್ನು ಮುಟ್ಟಲಿಲ್ಲ. ಬೇರೆ ಯಾರ ಮಗುವಾಗಿದ್ದರೂ ಬಿಡುತ್ತಿರಲಿಲ್ಲ. ಹೋದ ವಾರ ತಾನೇ ಯಾರದೋ ಐದು ವರ್ಷದ ಕೂಸನ್ನು ಮೂರು ಸಲ ಅಳಿಸಿದ್ದಳು. ಆ ಕೂಸಿನ ಹಲ್ಲು ಉಳಿಯುತ್ತದೆ.

ಕುರ್ಚಿಯ ಬಳಿ ಬಂದಾಗ ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು.

“ಸರಿಯಾಗಿ ಬಂದಿಲ್ವಾ ಅಮ್ಮಾ?”

“ಬಂದಿದೆ ಪುಟ್ಟಿ.”

“ಸುಳ್ಳು. ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ನಾನು ಅಲ್ಲಾಡಿಬಿಟ್ಟೆ ಅನ್ಸತ್ತೆ.” ಊದಿದ ಕೆನ್ನೆಯಲ್ಲೇ ನಗಲು ನೋಡಿದಳು. “ಇನ್ನೊಂದ್ಸಲ ತೆಗಿ. ಅಳಲ್ಲ, ಆಣೆ.”

ಹೀಗೆಂದವಳೇ ಕಣ್ಣು ಮುಚ್ಚಿ, ನೋವಿಗೆ ಮುಖ ಕಿವುಚಿಕೊಂಡು, ತಾನಾಗಿಯೇ ಬಾಯಿ ತೆರೆದಳು.

ಅವಳು ಸೀಸದ ಹೊದಿಕೆಯನ್ನು ಮಗಳ ಎದೆಯಿಂದ ಎತ್ತಿ ಗೂಟಕ್ಕೆ ತಗುಲಿಹಾಕಿ ಬಂದಳು. ಮಗಳು ಬಾಯಿ ತೆರೆದುಕೊಂಡು ಇನ್ನೂ ಕಾಯುತ್ತಲೇ ಇದ್ದಳು.