ಗುಡುಗಿನ ಹಿತ್ತಾಳೆ ಬಿರಡೆ

ಗುಂಯ್ ಎನ್ನುತ್ತಿದೆ ವೇದಿಕೆಯ ಎಡಗಡೆಯ ಆಂಪ್ಲಿಫೈಯರು, ಬೇರೆಯವರಿಗೆ ಕೇಳಿಸುತ್ತಿಲ್ಲವೋ ಕೇಳಿಸಿಯೂ ಸುಮ್ಮನಿದ್ದಾರೋ, ನನ್ನ ಕಿವಿಗಂತೂ ಇಂಥದ್ದು ತಪ್ಪುವುದಿಲ್ಲ, ಒಂದು ಸಲ ಏಳು ಮೈಲಿ ದೂರದ ಮೈದಾನದಲ್ಲಿ ಗುಡುಗು ಹಾಡುತ್ತಿದ್ದಾಗ ಅವನ ಗಿಟಾರಿನ ಮೂರನೆಯ ತಂತಿ ಕೂದಲೆಳೆಯಷ್ಟು ಸಡಿಲಾದದ್ದು ನನಗೆ ನಮ್ಮನೆಯ ಬಚ್ಚಲಲ್ಲಿ ಕೇಳಿಸಿ, ಮೈತುಂಬ ಸೋಪಿನ ನೊರೆ ಇಟ್ಟುಕೊಂಡೇ ಕಿಟಕಿಯಿಂದ ಕೂಗಿ ಹೇಳಿದ್ದೆ, ಅವನು ಅಲ್ಲಿಂದಲೇ ಸರಿಮಾಡಿಕೊಂಡು ಥ್ಯಾಂಕ್ಸ್ ಕಣಯ್ಯಾ ಅಂದಿದ್ದ — ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ನನಗೇ ಆ ಸೋಪಿನ ವಾಸನೆ ಬರುತ್ತದೆ. ಗುಡುಗು, ಅವನ ನಿಜವಾದ ಹೆಸರು ಅವನ ತಾಯಿಗಾದರೂ ನೆನಪಿತ್ತೋ ಇಲ್ಲವೋ, ಗಿಟಾರು ಕೊರಳಿಗೆ ಹಾಕಿಕೊಂಡು ಬಾಯಿ ತೆರೆದನೆಂದರೆ ಕಿಟಕಿಯ ಗಾಜು ನಡುಗುತ್ತಿತ್ತು, ಅವನು ಹೋಗಿ ಇಪ್ಪತ್ತಾರು ವರ್ಷ, ಇವತ್ತು ಅವನ ಮಗಳು ಈ ಸಭಾಂಗಣದಲ್ಲಿ ನಮ್ಮಂಥ ಹಳೆಯ ಅಭಿಮಾನಿಗಳನ್ನೆಲ್ಲ ಕೂಡಿಸಿದ್ದಾಳೆ, ಅಪ್ಪನ ನೆನಪಿನ ಒಂದೊಂದು ವಸ್ತು ತನ್ನಿ, ಒಂದೊಂದು ಮಾತು ಹೇಳಿ. ಬಾಗಿಲ ಬಳಿ ನನ್ನ ಅಂಗಿಜೇಬಿನಿಂದ ಅದನ್ನು ತೆಗೆದು ಅವಳ ಅಂಗೈ ಮೇಲಿಟ್ಟೆ. ಇದೇನು ಅಂಕಲ್, ಇಷ್ಟು ಚಿಕ್ಕದು. ಬಿರಡೆ ಮಗಳೇ, ನಿಮ್ಮಪ್ಪನ ಗಿಟಾರಿನ ತಂತಿ ಬಿಗಿಯೋ ಬಿರಡೆಯ ತುಂಡು, ತಾನೇ ಕಿತ್ತು ಕೊಟ್ಟ, ಇಟ್ಕೊಳಯ್ಯಾ ನೀನಿಲ್ಲದೆ ನಾನಿಲ್ಲ ಅಂದ. ಅವಳ ಕಣ್ಣಲ್ಲಿ ನೀರು. ಅದು ಈಗ ಗಾಜಿನ ಪೆಟ್ಟಿಗೆಯೊಳಗೆ, ಹತ್ತಿಯ ಮೇಲೆ, ಕೆಳಗೆ ಅವಳದೇ ಅಕ್ಷರದಲ್ಲಿ ಚೀಟಿ, ಹಿತ್ತಾಳೆ ಬಿರಡೆ, ಇಪ್ಪತ್ತು ವರ್ಷ ಜೊತೆಗಿದ್ದ ಗೆಳೆಯನಿಗೆ ಅಪ್ಪ ಕೊಟ್ಟದ್ದು. ಎಡಗಡೆ ಜೇಬು ಹಗುರಾಗಿ ಎದೆ ಬರಿದೋ ಬರಿದು. ನನ್ನ ಅಂಗಿಗಳಿಗೆಲ್ಲ ಅಲ್ಲೇ ತೂತು, ಹೊಲಿದು ಹೊಲಿದು ಹೆಂಡತಿಗೆ ಸಾಕಾಗಿತ್ತು, ಏನ್ರೀ ಇದು ಇಷ್ಟು ಚೂಪು, ಬಿಸಾಕ್ಬಾರ್ದಾ, ಅಷ್ಟು ಬೇಕಾದವನು ಒಂದ್ಸಲಾನಾದ್ರೂ ನಮ್ಮನೆಗೆ ಬಂದು ಒಂದು ಲೋಟ ನೀರು ಕುಡಿದ್ನಾ, ನಿಮ್ಮ ಗುಡುಗು ನಿಮ್ಮ ಬಾಯಲ್ಲಿ ಬಿಟ್ರೆ ಬೇರೆಲ್ಲೂ ಕೇಳಿಸಲ್ಲ. ಅವಳಿಗೇನು ಗೊತ್ತು. ಅವಳಿಗೆ ಎಲ್ಲ ಗೊತ್ತಿತ್ತು, ಇದೊಂದನ್ನು ಬಿಟ್ಟು.

ಗುಂಯ್. ಸರಿಮಾಡಲು ಯಾರೂ ಏಳುತ್ತಿಲ್ಲವಲ್ಲ. ಮಗಳು ಮೈಕಿಲ್ಲದೆ ಮಾತಾಡುತ್ತಿದ್ದಾಳೆ, ದನಿ ತೆಳ್ಳಗೆ, ನನಗಾಗ ನಾಲ್ಕು ವರ್ಷ, ಅಪ್ಪ ಕುಡಿದು ಎದೆ ಒಡೆದು ಸತ್ತ ಅಂತ ಸ್ಕೂಲಲ್ಲಿ ಎಲ್ಲರೂ ಆಡ್ಕೊಳ್ಳೋರು, ಅಮ್ಮ ಅವರ ಫೋಟೋನ ಗೋಡೆ ಕಡೆ ತಿರುಗಿಸಿ ಇಟ್ಟಿದ್ರು, ಕೊನೇವರೆಗೂ ಮತ್ತೆ ಈ ಕಡೆ ತಿರುಗಿಸಲಿಲ್ಲ, ನಾನೂ ಅಪ್ಪನ್ನ ಇನ್ನೂ ಪೂರ್ತಿ ಕ್ಷಮಿಸಿಲ್ಲ, ಆದ್ರೂ ಇವತ್ತು ಅವರ ಗಿಟಾರಲ್ಲೇ ಹಾಡ್ತೀನಿ — ಕುಡಿದಿದ್ದ ಎಂದು ಮೊದಲು ಹೇಳಿದವನು ಯಾರು, ಆಸ್ಪತ್ರೆಯ ಮೆಟ್ಟಿಲ ಮೇಲೆ, ಡಾಕ್ಟರ್ ಕೇಳುವ ಮೊದಲೇ, ಬಾಯಿ ವಾಸನೆ ಬರ್ತಿತ್ತು ಸಾರ್, ಎರಡು ಬಾಟ್ಲಿ, ಇಲ್ಲ ಮೂರು. ಎರಡನ್ನು ಮೂರು ಮಾಡದಿದ್ದರೆ ನನಗೆ ಸಮಾಧಾನವಿಲ್ಲ, ಒಂದೂ ಇರದಿದ್ದಾಗಲೂ. ಅವನ ಬಾಯಿಂದ ಬರುತ್ತಿದ್ದದ್ದು ಏಲಕ್ಕಿ ವಾಸನೆ, ಗಂಟಲಿಗೆಂದು ಜಗಿಯುತ್ತಿದ್ದ. ಬೇಡ, ಒಳ್ಳೆಯದನ್ನು ನೆನೆಸಿಕೊಳ್ಳಬೇಕು, ಅವನ ಮೊದಲ ಕ್ಯಾಸೆಟ್ಟನ್ನು ನಾನು ಸಾವಿರ ಸಲ, ಸಾವಿರವೇನು ಲಕ್ಷ ಸಲ ಕೇಳಿದೆ, ಟೇಪು ಸವೆದು ಅವನ ದನಿ ಮುದುಕನ ದನಿಯಾಯಿತು, ಬಸ್ಸಿನ ಹಿಂದೆ ಓಡಿದೆ, ಜನರ ತಲೆಗಳ ನಡುವಿನಿಂದ ಹೆಬ್ಬೆರಳಷ್ಟು ಕಂಡ, ಹದಿನಾರು ಕಾರ್ಯಕ್ರಮಗಳಲ್ಲಿ ಹೆಬ್ಬೆರಳಷ್ಟೇ ಕಂಡ. ಹದಿನೇಳನೆಯದಕ್ಕೆ ಅವರ ಆಂಪ್ಲಿಫೈಯರು ಕೆಟ್ಟು ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂತು, ಬಿಡುವೆನೇ ನಾನು, ಇದನ್ನೇ ಸರಿಮಾಡಿ ನಾನೇ ತಂದು ಜೋಡಿಸುತ್ತೇನೆ ಎಂದೆ, ಬೆಸುಗೆ ಹಾಕುವಾಗ ಖುಷಿಗೆ ಅವನ ಹಾಡನ್ನೇ ಗುನುಗುತ್ತ ಮೈಮರೆತಿದ್ದೆ, ಒಂದು ತಂತಿ ತಗಡಿಗೆ ಮುಟ್ಟಿಕೊಂಡೇ ಉಳಿದಿರಬೇಕು, ಮೈದಾನದಲ್ಲಿ ಜೋಡಿಸಿದರೆ ಗುಂಯ್, ಸಾವಿರಾರು ಜನ, ಅವನು ಪಕ್ಕದಲ್ಲೇ ನಿಂತಿದ್ದಾನೆ, ಹೆಬ್ಬೆರಳಷ್ಟಲ್ಲ, ನನಗಿಂತ ಒಂದು ಗೇಣು ಎತ್ತರ, ಏಲಕ್ಕಿ ಜಗಿಯುತ್ತ, ಏನಯ್ಯಾ ದುಂಬಿ ಕೂಡಿಹಾಕಿದೀಯಾ ಪೆಟ್ಟಿಗೇಲಿ. ನಮ್ಮ ಕಸುಬಿನವರಿಗೆಲ್ಲ ಒಂದು ಕೆಟ್ಟ ಉಪಾಯ ಗೊತ್ತು, ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ದಪ್ಪನೆಯದಿರುತ್ತದಲ್ಲ, ತಪ್ಪಿ ಹರಿದ ಕರೆಂಟನ್ನು ನೆಲಕ್ಕೆ ಇಳಿಸುವ ಪಿನ್ನು, ಅದನ್ನು ಇಕ್ಕಳದಿಂದ ಮುರಿದುಬಿಟ್ಟರೆ ಗುಂಯ್ ನಿಲ್ಲುತ್ತದೆ, ಎಲ್ಲರೂ ಮುರಿಯುತ್ತಾರೆ, ನೂರು ಸಲ ಏನೂ ಆಗುವುದಿಲ್ಲ. ಟಕ್. ನಿಂತಿತು. ಭೇಷ್ ಕಣಯ್ಯಾ ಎಂದು ಬೆನ್ನು ತಟ್ಟಿದ, ಅಷ್ಟೇ ಅವನು ನನ್ನೊಡನೆ ಆಡಿದ್ದು, ಎರಡೇ ಮಾತು. ಹೋಗಿ ಹಾಡತೊಡಗಿದ, ಎಡಗೈ ಬೆರಳು ತಂತಿಗಳ ಮೇಲೆ, ತುಟಿ ಮೈಕಿನ ಜಾಲರಿಗೆ ತಾಗಿತು, ಆಮೇಲೆ ಆ ಒಂದೇ ಸ್ವರ, ಉದ್ದಕ್ಕೆ, ಬೆರಳು ತಂತಿಯ ಮೇಲೆ ಮಡಿಸಿಕೊಂಡು ಬಿಗಿದು ಬಿಡುತ್ತಲೇ ಇಲ್ಲ, ಜನ ಎದ್ದು ನಿಂತು ಚಪ್ಪಾಳೆ, ಎಷ್ಟು ಹೊತ್ತು ಹಿಡಿದ ನೋಡು, ಎಂಥ ಹಿಡಿತ ನೋಡು, ನಾನೂ ಚಪ್ಪಾಳೆ ತಟ್ಟಿದೆ, ಎಲ್ಲರಿಗಿಂತ ಜೋರಾಗಿ ತಟ್ಟಿದೆ, ಅಂಗೈ ಕೆಂಪಾಗುವಷ್ಟು. ಅವನು ಬಿದ್ದ ಗದ್ದಲದಲ್ಲಿ ಆ ಪ್ಲಗ್ಗು ಬಿಚ್ಚಿ ಬೇರೆ ಹಾಕಿದೆ. ಮುರಿದ ಪಿನ್ನು ಜೇಬಿನಲ್ಲಿತ್ತು, ಬಿಸಾಡಲು ಕೈ ಹೋಗಲಿಲ್ಲ.

ಗುಂಯ್ ನಿಂತಿದೆ. ಯಾವಾಗ ನಿಂತಿತು. ಮೈಕಿನವನು ಆಂಪ್ಲಿಫೈಯರಿನ ಹಿಂದಿನಿಂದ ಏಳುತ್ತಿದ್ದಾನೆ, ಕೈಯಲ್ಲಿ ಇಕ್ಕಳ, ಮುಖದಲ್ಲಿ ಅವತ್ತು ನನಗಿದ್ದ ಅದೇ ನಗು, ಈಗ ಹಾಡಿ ಮೇಡಂ, ದುಂಬಿ ಓಡಿಸಿದೀನಿ — ಇಲ್ಲ, ದುಂಬಿ ಎಂದವನು ಗುಡುಗು, ಇವನು ಸರಿಹೋಯ್ತು ಎಂದಿರಬೇಕು. ಅವಳು ಅಪ್ಪನ ಗಿಟಾರನ್ನು ಕೊರಳಿಗೆ ಹಾಕಿಕೊಂಡಳು, ಅದೇ ಎತ್ತರ, ಮೈಕಿನ ಕಡೆ ಒಂದು ಹೆಜ್ಜೆ, ಈ ಪೆಟ್ಟಿಗೆ ಸರಿಯಿದ್ದೀತು, ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು ಸರಿಯಿರುತ್ತವೆ, ಸಾವಿರದನೆಯದು ನನ್ನದಾಗಿತ್ತು, ಸುಮ್ಮನೆ ಕೂತಿರು, ಎದ್ದರೆ ಯಾಕೆಂದು ಕೇಳುತ್ತಾರೆ, ಎಡಗೈ ಬೆರಳು ತಂತಿಗಳ ಮೇಲೆ, ಇನ್ನೊಂದು ಹೆಜ್ಜೆ, ಮಗಳೇ ಮೈಕ್ ಮುಟ್ಬೇಡ. ಯಾರು ಹೇಳಿದ್ದು. ನಾನೇ, ನಿಂತಿದ್ದೇನೆ, ಕುರ್ಚಿ ಹಿಂದಕ್ಕೆ ಬಿದ್ದಿದೆ, ಎಲ್ಲರೂ ತಿರುಗಿದ್ದಾರೆ. ಯಾಕೆ ಯಜಮಾನ್ರೇ ಸುಮ್ನೆ ಹೆದರಿಸ್ತೀರಿ, ಪಿನ್ ಒಂದು ತೆಗೆದೆ ಅಷ್ಟೇ, ಎಲ್ಲರೂ ತೆಗೀತಾರೆ, ನೋಡಿ. ಮೈಕಿನವನು ಅಂಗೈ ಚಾಚಿದ. ಅವಳು ಬಗ್ಗಿ ನೋಡಿದಳು. ಎತ್ತಿಕೊಂಡಳು. ಗಾಜಿನ ಪೆಟ್ಟಿಗೆಯ ಬಳಿ ಹೋದಳು, ಮುಚ್ಚಳ ತೆಗೆದು ಹತ್ತಿಯ ಮೇಲೆ ಇದನ್ನು ಅದರ ಪಕ್ಕದಲ್ಲಿಟ್ಟಳು, ಎರಡಕ್ಕೂ ಒಂದೇ ದಪ್ಪ, ಬುಡದಲ್ಲಿ ಇಕ್ಕಳದ ಅದೇ ಹಲ್ಲಿನ ಗುರುತು. ಅಂಕಲ್, ಇದು ಬಿರಡೆ ಅಂದ್ರಲ್ಲ. ಈಗೇನಾದರೂ ಹೇಳು ಬಡಾಯಿಗಾರ, ಒಂದು ದೊಡ್ಡ ಸುಳ್ಳು ಹೇಳು. ಬಿರಡೆ ಅಲ್ಲಮ್ಮ. ನಾನು ನಿಮ್ಮಪ್ಪನ ಗೆಳೆಯ ಅಲ್ಲ. ಒಂದೇ ಒಂದ್ಸಲ ಹತ್ರದಿಂದ ನೋಡಿದ್ದು, ಅವತ್ತು. ಆಂಪ್ಲಿಫೈಯರ್ ರಿಪೇರಿ ಮಾಡಿದ್ದು ನಾನು, ಪಿನ್ ಮುರಿದಿದ್ದು ನಾನು, ಅವರು ಹೋಗಿದ್ದು ಕರೆಂಟ್ ಹೊಡೆದು. ಅವರು ಕುಡಿದಿರಲಿಲ್ಲ. ಒಂದು ತೊಟ್ಟೂ ಕುಡಿದಿರಲಿಲ್ಲ, ಕುಡಿದಿದ್ರು ಅಂತ ಹೇಳಿದ್ದೂ ನಾನೇ. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಮೈಕಿನವನು ಇಕ್ಕಳವನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಬೈಯಲಿ, ಹೊಡೆಯಲಿ, ಅಮ್ಮನ ಹೆಸರು ಹೇಳಿ ಅಳಲಿ, ಅವಳು ಚೀಟಿಯನ್ನೇ ನೋಡುತ್ತಿದ್ದಾಳೆ, ಗಿಟಾರು ಇನ್ನೂ ಕೊರಳಲ್ಲಿ, ಎಡಗೈ ಅದರ ಕತ್ತಿನ ಮೇಲೆ, ಬೆರಳು ತಂತಿಗಳ ಮೇಲೆ ಮಡಿಸಿಕೊಂಡಿವೆ, ಬಿಗಿದು ಉಗುರು ಬಿಳಿಚಿವೆ, ಮೈಕು ಅಲ್ಲೆಲ್ಲೋ ದೂರ, ಇದು ಕರೆಂಟಲ್ಲ, ಬಿಡು ಮಗಳೇ, ಬಿಡುತ್ತಿಲ್ಲ, ತಂತಿಯ ಮೇಲೆ ಬೆರಳು, ಜನ ಎದ್ದು ನಿಂತಿದ್ದಾರೆ, ನನ್ನ ಅಂಗೈ ಉರಿಯುತ್ತಿದೆ, ತಂತಿಯ ಮೇಲೆ ಬೆರಳು, ಬಿಡದ ಬೆರಳು